ಚಂದ್ರಿಕೆಯ ಜಾಗದಲ್ಲಿ ಆದಿಲಕ್ಷ್ಮಮ್ಮ

ಸಾಫ್ಟ್‌ಬಾಲ್ ಎಂದು ಹೆಸರಿಟ್ಟವರು ಆ ಚೆಂಡಿನ ಪೆಟ್ಟು ತಿಂದಿರಲಾರರು. ಮೆತ್ತಗಿರುವುದು ಹೆಸರು ಮಾತ್ರ. ಚೆಂಡು ಸುಲಿದ ತೆಂಗಿನಕಾಯಿಯ ತಮ್ಮ. ಸಾದಲಿಯ ಹೈಸ್ಕೂಲಿನ ಪಿ.ಟಿ. ಟೀಚರ್ ಆದಿಲಕ್ಷ್ಮಮ್ಮನವರಿಗೂ ಅದಕ್ಕೂ ಹೋಲಿಕೆಯಿತ್ತು. ಇಬ್ಬರೂ ದುಂಡಗೆ, ಇಬ್ಬರನ್ನೂ ಮೆತ್ತಗೆಂದು ನಂಬಿದವರು ಕೆಟ್ಟಿದ್ದರು.

ಅವರ ಪಾಠ ಶುರುವಾಗುತ್ತಿದ್ದುದು ಚೆಂಡಿನಿಂದಲ್ಲ, ಡೇರಿಗೆ ಹಾಲು ಒಯ್ಯುವ ಸಣ್ಣ ಕ್ಯಾನಿನಿಂದ. ಅದಕ್ಕೆ ಅರ್ಧ ನೀರು ತುಂಬಿಸಿ ಹುಡುಗಿಯರ ಕೈಗೆ ಕೊಡುತ್ತಿದ್ದರು.

"ಮುಂದಿಂದ ಮೇಲಕ್ಕೆ, ಹಿಂದಕ್ಕೆ, ಕೆಳಕ್ಕೆ, ಒಂದೇ ಸುತ್ತು! ಮಧ್ಯೆ ಯೋಚ್ನೆ ಮಾಡಿದ್ರೆ ತಲೆ ಮೇಲೆ ಸ್ನಾನ ಕಣ್ರೇ!"

ಒದ್ದೆಯಾಗದೆ ಸುತ್ತು ಮುಗಿಸಿದವಳಿಗೆ ಚೆಂಡು. ಅದನ್ನೂ ಹಾಗೇ ತೋಳು ಸುತ್ತಿಸಿ, ಕೈ ಸೊಂಟದ ಬಳಿ ಬಂದಾಗ ಮಣಿಕಟ್ಟು ಝಾಡಿಸಿ ಬಿಡಬೇಕು. ಒಂಬತ್ತನೇ ಕ್ಲಾಸಿನ ತನುಶ್ರೀ ಎಸೆದರೆ ಚೆಂಡು ಸಿಳ್ಳೆ ಹಾಕುತ್ತಿತ್ತು. ಶನಿವಾರ ಚಿಕ್ಕಬಳ್ಳಾಪುರದಲ್ಲಿ ಪಂದ್ಯ, ಅವಳಿಲ್ಲದೆ ತಂಡವಿಲ್ಲ.

ಗುರಿಗೊಂದು ಹಲಗೆ ಬೇಕೆಂದಾಗ ತನುಶ್ರೀ ಮನೆಯ ಅಟ್ಟದಿಂದ ಹರಿದ ಚಂದ್ರಿಕೆ ತಂದಳು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ. ಅದನ್ನು ಹೊಂಗೆಮರಕ್ಕೆ ಕಟ್ಟಿ, ನಡುವೆ ಕೆಂಪು ಬಟ್ಟೆ ಸಿಕ್ಕಿಸಿದರು. ಅದೇ ವಾರ ಅವಳ ಮನೆಯ ಹುಳುವಿಗೆ ರೋಗ ತಗುಲಿತು.

ಅಜ್ಜಿ ಯಶೋದಮ್ಮ ಮೈದಾನಕ್ಕೇ ಬಂದರು.

"ಟೀಚರಮ್ಮ, ಕಾಲು ತಗುಲಿದ್ರೆ ಕಣ್ಣಿಗೊತ್ಕೊಳ್ಳೋ ವಸ್ತು ಇದು. ಲಕ್ಷ್ಮಿ! ಅದಕ್ಕೆ ಚೆಂಡಲ್ಲಿ ಹೊಡೆಸ್ತೀರಲ್ಲ, ಹುಳಕ್ಕೆ ರೋಗ ಬರ್ದೆ ಇನ್ನೇನಾಗುತ್ತೆ? ಇವಳ ಆಟ ಇವತ್ತಿಗೆ ಮುಗೀತು. ನಡಿಯೇ!"

ಹೆಡ್‌ಮಾಸ್ಟರ್ ನರಸಿಂಹಪ್ಪ ವರಾಂಡದಿಂದ ಇಳಿದು ಬಂದು ಮೆಲ್ಲಗೆ ಹೇಳಿದರು: "ಬಿಟ್ಬಿಡಿ ಮೇಡಂ. ಯಾರಿಗೂ ತೊಂದ್ರೆ ಆಗದ ಆಟ ಯಾವುದಾದ್ರೂ ಆಡಿಸಿ."

"ಯಾರಿಗೂ ತೊಂದ್ರೆ ಆಗದ ಆಟ ಅಂದ್ರೆ ನಿದ್ದೆ ಸಾರ್."

ಆದಿಲಕ್ಷ್ಮಮ್ಮ ಚಂದ್ರಿಕೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಅಜ್ಜಿಯ ಕೈಗಿಟ್ಟರು.

"ಇದನ್ನ ಕಟ್ಟಿದ್ದು ನನ್ನ ತಪ್ಪು, ಒಪ್ಕೋತೀನಿ. ಹುಳದ ರೋಗ ನನ್ನ ತಪ್ಪಲ್ಲ. ಹುಡುಗಿ ಆಡೋದು ಯಾರ ತಪ್ಪೂ ಅಲ್ಲಮ್ಮ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಣಿಚೀಲ ಮಡಚಿ ಅಂಗೈಗೆ ಸುತ್ತಿಕೊಂಡು, ಹೊಂಗೆಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಐವತ್ತು ದಾಟಿದ ಮಂಡಿಗಳು ಲಟಕ್ಕೆಂದವು.

"ಆ ಲಕ್ಷ್ಮಿಗೆ ಹೊಡೀಬಾರ್ದು ಅಂದ್ರೆ ಈ ಆದಿಲಕ್ಷ್ಮಿ ಇದಾಳೆ. ಎಸಿಯೇ ತನು!"

ತನುಶ್ರೀ ಅಜ್ಜಿಯ ಮುಖ ನೋಡಿದಳು, ಟೀಚರ ಮುಖ ನೋಡಿದಳು. ಚೆಂಡು ತೆವಳಿಕೊಂಡು ಬಂತು.

"ಹುಳಕ್ಕೆ ಸೊಪ್ಪು ಉದುರಿಸ್ತಿದೀಯೇನೇ? ಶನಿವಾರ ಎದುರಿಗೆ ನಿಲ್ಲೋರು ಬ್ಯಾಟ್ ಹಿಡ್ಕೊಂಡಿರ್ತಾರೆ!"

ಈ ಸಲ ತೋಳು ಪೂರ್ತಿ ಸುತ್ತಿತು. ಗೋಣಿಗೆ ಚೆಂಡು ಬಡಿದ ಸದ್ದಿಗೆ ಮರದ ಕಾಗೆ ಹಾರಿತು. ಆದಿಲಕ್ಷ್ಮಮ್ಮ ಹಿಂದಕ್ಕೆ ಉರುಳಿ, ಮಣ್ಣಲ್ಲಿ ಕುಳಿತು, ಚೆಂಡು ಎತ್ತಿ ತೋರಿಸಿದರು. ಹೆಬ್ಬೆರಳು ಆಗಲೇ ಊದತೊಡಗಿತ್ತು.

"ಇನ್ನೊಂದು."

ಚಂದ್ರಿಕೆ ತಲೆ ಮೇಲೆ ಹೊತ್ತ ಯಶೋದಮ್ಮ ಕದಲಲಿಲ್ಲ. ಇನ್ನೊಂದು ಎಸೆತ ನೋಡಿದರು. ಮತ್ತೊಂದನ್ನೂ ನೋಡಿದರು.

"ಮೂಳೆ ಮುರಿದ್ರೆ ನಮ್ಮ ಮೇಲೆ ಹಾಕ್ಬೇಡಿ."

"ಹಾಕಲ್ಲ."

"ಶನಿವಾರ ಉಳಿದ ಹುಳಕ್ಕೆ ಸೊಪ್ಪು ಹಾಕೇ ಬರ್ಬೇಕು ಇವಳು. ಅಷ್ಟರಲ್ಲಿ ಬಸ್ಸು ಹೋದ್ರೆ ನಂಗೊತ್ತಿಲ್ಲ."

"ಹೋಗಲ್ಲಮ್ಮ," ಎಂದರು ಆದಿಲಕ್ಷ್ಮಮ್ಮ, ಮತ್ತೆ ಕುಕ್ಕರುಗಾಲಿಗೆ ಬರುತ್ತ. "ಬಸ್ಸಿಗೆ ಅಡ್ಡ ಹಿಂಗೇ ಕೂತಿರ್ತೀನಿ."