ಅರ್ಧ ಸ್ವರ ಕೆಳಗೆ

ಸಂಜೆ ಐದಕ್ಕೆ ವೇದಿಕೆ ಹತ್ತಿ ಹಾರ್ಪ್ಸಿಕಾರ್ಡಿನ ಒಂದೇ ಒಂದು ಕೀ ಒತ್ತಿದ್ದೇ ತಡ, ಶ್ರುತಿಯಕ್ಕನ ಪಿತ್ತ ನೆತ್ತಿಗೇರಿತು. ಬೆಳಿಗ್ಗೆಯೆಲ್ಲ ಕೂತು ತಾನು ಕೂಡಿಸಿಟ್ಟು ಹೋಗಿದ್ದ ಶ್ರುತಿ ಅದರಲ್ಲಿರಲಿಲ್ಲ. ತಂತಿಗಳೆಲ್ಲ ಅರ್ಧ ಸ್ವರ ಮೇಲೇರಿದ್ದವು. ಎರಡು ಹಿತ್ತಾಳೆ ತಂತಿಗಳಂತೂ ಹರಿದು ಸುರುಳಿ ಸುತ್ತಿಕೊಂಡಿದ್ದವು.

"ಯಾರ್ರೀ ಇದನ್ನ ಮುಟ್ಟಿದ್ದು?"

ಸಭಾಂಗಣದ ಮ್ಯಾನೇಜರು ನಗುತ್ತಲೇ ಬಂದ. "ನೀವು ಹೋದ್ಮೇಲೆ ಫೋನಲ್ಲಿ ನೋಡ್ದೆ ಮೇಡಂ. ಎಲ್ಲಾ ಸ್ವರಾನೂ ಅರ್ಧ ಕಮ್ಮಿ ತೋರಿಸ್ತು. ನಿಮ್ಮಣ್ಣನ್ನ ಕರೆಸಿ ಸರಿ ಮಾಡಿಸ್ದೆ."

"ನನಗೊಂದು ಫೋನ್ ಮಾಡಿದ್ರೆ ಬೆರಳು ಸವೀತಿತ್ತಾ?"

"ಅವರು ನಿಮಗಿಂತ ದೊಡ್ಡೋರಲ್ವಾ..."

ಇಪ್ಪತ್ತೆರಡು ವರ್ಷದಿಂದ ಕೇಳುತ್ತ ಬಂದ ಮಾತು ಅದು. ಅಪ್ಪ ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಕೂಡಿಸುತ್ತಿದ್ದವನು. ಅವನು ಕಣ್ಣುಮುಚ್ಚಿದ ಮೇಲೆ ಪಿಯಾನೋಗಳು ಅಣ್ಣನ ಪಾಲಾದವು. ಯಾರಿಗೂ ಬೇಡವಾದ ಹಾರ್ಪ್ಸಿಕಾರ್ಡು ಇವಳಿಗೆ ಉಳಿಯಿತು. ನೋಡಲು ಪಿಯಾನೋದ ತಂಗಿಯಂತಿದ್ದರೂ ಅದರ ತಂತಿಗಳನ್ನು ಸುತ್ತಿಗೆ ಬಡಿಯುವುದಿಲ್ಲ, ಸಣ್ಣ ಕಡ್ಡಿ ಮೀಟುತ್ತದೆ. ಕೋಣೆಗೆ ನಾಲ್ಕು ಜನ ಹೆಚ್ಚಿಗೆ ಬಂದರೂ ಅದರ ಶ್ರುತಿ ಕದಲುತ್ತದೆ. ಅದರ ಮುನಿಸನ್ನೆಲ್ಲ ಅವಳು ಒಬ್ಬಳೇ ಕಲಿತಳು. ಶ್ರುತಿಯಕ್ಕ ಎಂದೇ ಎಲ್ಲರೂ ಕರೆದರು. ನಿಜದ ಹೆಸರು ಕೇಳಿದವರಿಲ್ಲ.

ಅಣ್ಣ ಪರದೆಯ ಹಿಂದೆ ಕೈಕಟ್ಟಿ ನಿಂತಿದ್ದ.

"ಮುನ್ನೂರು ವರ್ಷದ ಹಿಂದಿನ ಹಾಡಿಗೆ ಆಗಿನ ಶ್ರುತೀನೇ ಬೇಕು, ಈಗಿನದಕ್ಕಿಂತ ಅರ್ಧ ಕೆಳಗೆ ಅಂತ ಅಪ್ಪ ಹೇಳ್ಕೊಡುವಾಗ ನೀನೂ ಪಕ್ಕದಲ್ಲೇ ಕೂತಿದ್ದೆಯಲ್ಲೋ!"

"ಕೂತಿದ್ದೆ ಕಣೇ. ನಿದ್ದೆ ಹೋಗಿದ್ದೆ."

"ಮರದ ಕೊಳಲಿನ ಶ್ರುತಿ ತಿರುಪಿ ಬದಲಾಯಿಸೋಕಾಗುತ್ತಾ? ಹಾಡುವವನು ಗಂಟಲು ಹರ್ಕೊಳ್ಬೇಕಾ?"

"ಇಳಿಸೋಕೆ ಕೈ ಹಾಕ್ಲಾ?"

"ದೂರ ನಿಂತ್ಕೋ. ನೀನು ಮುಟ್ಟಿದ್ದೇ ಸಾಕು."

ಹರಿದ ತಂತಿಗಳನ್ನು ಬದಲಿಸಿ, ಉಳಿದವನ್ನು ಒಂದೊಂದಾಗಿ ಇಳಿಸುವಷ್ಟರಲ್ಲಿ ಆರೂವರೆಯ ಕಛೇರಿ ಏಳೂ ಹತ್ತಕ್ಕೆ ಹೋಯಿತು. ಮ್ಯಾನೇಜರು ಮೈಕ್ ಹಿಡಿದ. "ಶ್ರುತಿ ಮಾಡೋರಿಂದ ತಡ ಆಯ್ತು. ದಯವಿಟ್ಟು ಕ್ಷಮಿಸಿ." ಪರದೆಯ ಬದಿಯಲ್ಲಿದ್ದ ಅವಳ ಕಿವಿ ಕಾದ ಕಬ್ಬಿಣವಾಯಿತು.

ಹಾಡುವವನು ಕೌಂಟರ್‌ಟೆನರ್. ಬಾಗಿಲು ತುಂಬುವಂಥ ಗಡ್ಡದ ಆಳು. ಬಾಯಿ ತೆರೆದರೆ ಹೆಣ್ಣುದನಿಯ ಎತ್ತರದಲ್ಲಿ, ದಾರದಷ್ಟು ತೆಳುವಾದ ಸ್ವರ. ಮುಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ಹಾಡಿನ ಎರಡನೆಯ ಸಾಲು ಮುಗಿಯುವುದರೊಳಗೆ ಸಭೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಹಳೆಯ ಒಪೆರಾದಲ್ಲಿ ಮೋಸಹೋದ ರಾಜನೊಬ್ಬ ಸಿಟ್ಟಿನಿಂದ ಕುದಿಯುವ ಹಾಡು ಅದು. ಅದನ್ನು ಸವಿಯುವ ಭಾಗ್ಯ ಅವಳಿಗಿರಲಿಲ್ಲ. ಇಳಿಸಿದ ತಂತಿಗಳು ಸುಮ್ಮನಿರುವುದಿಲ್ಲ, ಕೂದಲೆಳೆಯಷ್ಟು ಮತ್ತೆ ಏರುತ್ತವೆ. ಕೊಳಲು, ಪಿಟೀಲುಗಳ ವಾದ್ಯಮೇಳ ಜೊತೆಗೂಡಿದಾಗ ಆ ಏರಿಕೆ ಅವಳ ಹಲ್ಲಿಗೆ ತಾಗಿತು.

ವಿರಾಮ ಬಂತು. ಎರಡನೆಯ ಭಾಗಕ್ಕೆ ಮೊದಲು ಶ್ರುತಿ ತಿದ್ದಲೇಬೇಕು. ಅವಳು ತಿರುಪುಕೀಲಿ ಹಿಡಿದು ವೇದಿಕೆಯ ಮೇಲೆ ಕೂತಳು, ಕೈ ಮಾತ್ರ ಎತ್ತಲಿಲ್ಲ.

"ಬೇಗ ಮೇಡಂ, ಹದಿನೈದೇ ನಿಮಿಷ."

"ಮೊದಲು ನೀವು ಮೈಕ್ ಹಿಡೀರಿ. ತಡ ಆಗಿದ್ದು ಯಾರಿಂದ ಅಂತ ಹೇಳಿ."

"ಅಯ್ಯೋ, ಅದು ಯಾರಿಗೆ ನೆನಪಿರುತ್ತೆ ಬಿಡಿ."

"ನನಗಿರುತ್ತೆ."

ಮ್ಯಾನೇಜರು ಅಣ್ಣನ ಮುಖ ನೋಡಿದ. "ನೀವಾದ್ರೂ ಕೂಡಿಸ್ತೀರಾ ಸ್ವಾಮಿ?"

ಅಣ್ಣ ನೆಲ ನೋಡಿದ. "ನನಗೆ ಇದು ಬರಲ್ಲ." ಇಷ್ಟು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅದರಿಂದ ಅವಳ ಸಿಟ್ಟು ಇನ್ನೂ ಹೆಚ್ಚಿತು: ಮಧ್ಯಾಹ್ನವೇ ಆಡಬಹುದಿತ್ತಲ್ಲ!

ಜನ ಒಬ್ಬೊಬ್ಬರಾಗಿ ಮರಳಿ ಕೂರುತ್ತಿದ್ದರು. ಮ್ಯಾನೇಜರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡ. "ಬೆಳಿಗ್ಗೆ ಶ್ರುತಿ ಸರಿಯಾಗೇ ಇತ್ತು. ಗೊತ್ತಿಲ್ದೆ ಕೆಡಿಸಿದ್ದು ನಾನು..." ಎಂದು ಗೊಣಗಿದ.

"ಗಟ್ಟಿಯಾಗಿ ಹೇಳಿ," ಅಂದಳು ಶ್ರುತಿಯಕ್ಕ. "ಹಿಂದಿನ ಸಾಲಿಗೆ ಕೇಳ್ಲಿಲ್ಲ."

ಅವನು ಗಟ್ಟಿಯಾಗಿ ಹೇಳಿದ. ಆಮೇಲೆ ಅವಳು ಮೊದಲ ತಂತಿಗೆ ಕೀಲಿ ಹಾಕಿದಳು. ವಿರಾಮ ಮುಗಿಯುವ ಎರಡನೆಯ ಗಂಟೆ ಬಾರಿಸಿತು, ಮೂರನೆಯದೂ ಬಾರಿಸಿತು. ಅವಳು ತಲೆ ಎತ್ತಲಿಲ್ಲ. ಕೊನೆಯ ತಂತಿ ಕೂಡುವವರೆಗೆ ಇಡೀ ಸಭೆ ಅವಳಿಗಾಗಿ ಕಾದು ಕೂತಿತು.