ಮಾವನವರ ಶುದ್ಧ ಕಾಫಿ

ಮೊದಲ ಗುಟುಕಿಗೇ ಮಾವನವರು ಕಾಫಿ ಲೋಟವನ್ನು ಟಣ್ ಎಂದು ಕೆಳಗಿಟ್ಟರು. "ಪುಡಿಗೆ ಏನೋ ಕಲಬೆರಕೆ ಮಾಡಿದಾನೆ ಕಣಮ್ಮಾ. ಬಣ್ಣ ಇಲ್ಲ, ಗಟ್ಟಿ ಇಲ್ಲ. ನಡಿ ಅಂಗಡಿಗೆ!"

ಹಿಂದಿನ ದಿನವಷ್ಟೇ ಟಿವಿಯಲ್ಲಿ ಕಲಬೆರಕೆ ಆಹಾರದ ಕಾರ್ಯಕ್ರಮ ನೋಡಿ, ಚಿಕೋರಿಯೂ ಕಲಬೆರಕೆಯೇ, ಇನ್ನು ಈ ಮನೆಯಲ್ಲಿ ಶುದ್ಧ ಕಾಫಿ ಮಾತ್ರ ಎಂದು ಅಪ್ಪಣೆ ಮಾಡಿದವರು ಅವರೇ. ಅದಕ್ಕೇ ಚಿಕೋರಿ ಬೇಡವೆಂದು ಹೇಳಿ, ಎದುರಿಗೇ ನಿಂತು ಬರೀ ಬೀಜ ಪುಡಿ ಮಾಡಿಸಿಕೊಂಡು ತಂದಿದ್ದೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ, ಪೊಟ್ಟಣ ಹಿಡಿದು ಗೇಟು ದಾಟಿದ್ದರು.

ಮತ್ತಿಕೆರೆಯ ಆ ಕಾಫಿಪುಡಿ ಅಂಗಡಿ ಮುಂದೆ ಬೆಳಗ್ಗೆ ಜನವೋ ಜನ. ಮಾವನವರು ಎಲ್ಲರಿಗೂ ಕೇಳುವಂತೆ ಗುಡುಗಿದರು. ದಿನಾ ಅದೇ ರಸ್ತೆಯಲ್ಲಿ ಓಡಾಡುವವಳು ನಾನು. ದುಪಟ್ಟಾದಲ್ಲಿ ಮುಖ ಮುಚ್ಚಿಕೊಳ್ಳುವುದೊಂದು ಬಾಕಿ. ಅಂಗಡಿಯವರು ಪುಡಿ ಮೂಸಿ, ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದರು: "ಯಜಮಾನ್ರೇ, ಇದ್ರಲ್ಲಿ ಕಾಫಿ ಬಿಟ್ರೆ ಇನ್ನೇನೂ ಇಲ್ಲ. ನೀವು ಇಷ್ಟ್ ವರ್ಷ ಕುಡ್ದಿದ್ದು ಚಿಕೋರಿ ಹಾಕಿದ್ದು."

ಮಾವನವರು ಗಂಟಲು ಸರಿಮಾಡಿಕೊಂಡು, ದನಿ ಕೊಂಚವೂ ತಗ್ಗಿಸದೆ, "ನಾನೂ ಅದನ್ನೇ ಹೇಳ್ತಿರೋದು. ಬೇಗ ಚಿಕೋರಿ ಬೆರೆಸಿ, ಇದನ್ನ ಶುದ್ಧ ಮಾಡ್ಕೊಡಿ" ಎಂದರು.

ಈಗ ನಮ್ಮ ಮನೆಯಲ್ಲಿ ಕಲಬೆರಕೆ ಎಂಬ ಮಾತಿಗೆ ಇರುವುದು ಒಂದೇ ಅರ್ಥ: ಮಾವನವರ ನಾಲಿಗೆಗೆ ಹಿಡಿಸದ್ದು. ಮೊನ್ನೆ ನಾನು ಮಾಡಿದ ಉಪ್ಪಿಟ್ಟಿಗೂ ಆ ಬಿರುದು ಸಿಕ್ಕಿತು.