ತೊಳೆದ ಚಿನ್ನ

ವಿಲ್ಮಾ ಟ್ರೆಜೀಸ್‌ಳ ಕಿವಿ ಮಂದವಾಗಿದೆ ಎಂಬುದು ಹಳೆಯ ಚಿನ್ನದ ಗಣಿಯೂರಾದ ಡನಾಲಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದು ಗಟ್ಟಿಯಾಗಿ ನಂಬಿದ್ದವಳು ವಿಲ್ಮಾ ಒಬ್ಬಳೇ. ಅವಳ ಎದುರು ನಿಂತು ಹೇಳುವ ಧೈರ್ಯ ಯಾರಿಗಿದೆ ಹೇಳಿ? ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಈಗ ಮೀಸೆ ನರೆತು ಓಡಾಡುವ ಗಂಡಸರಲ್ಲಿ ಅರ್ಧ ಜನ ಒಂದು ಕಾಲಕ್ಕೆ ಅವಳ ಹಿಂದಿನ ಸೀಟಿನಲ್ಲಿ ಕೂತು ಬೈಸಿಕೊಂಡವರೇ. ಬೇಕರಿಯ ಆಸಿ ಪ್ರತಿ ಶನಿವಾರ ಬೆಳಗ್ಗೆ ಎರಡೆರಡು ಸಲ ಕೂಗಿ ಕೇಳಿ, ಅವಳು ಏನೋ ಒಂದು ಉತ್ತರ ಕೊಟ್ಟರೆ ತಲೆಯಾಡಿಸಿ, ಎಂದಿನಂತೆ ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಎರಡು ಪೇಸ್ಟಿ ಕಟ್ಟಿಕೊಡುತ್ತಿದ್ದ. ಒಂದು ಅವಳಿಗೆ, ಒಂದು ರೆಕ್ಸ್ ಬೌಡನ್‌ಗೆ.

ರೆಕ್ಸ್ ಅಂದರೆ ಚಿನ್ನ ಹುಡುಕುವುದರಲ್ಲಿ ಅವಳ ಜೊತೆಗಾರ. ಜೀವಮಾನವೆಲ್ಲ ಬೇಲಿ ಹಾಕುವ ಕೆಲಸ ಮಾಡಿದ ಒಣಕಲು ಮನುಷ್ಯ, ಮಾತು ಕಡಿಮೆ. ಹತ್ತೊಂಬತ್ತು ವರ್ಷದಿಂದ ಪ್ರತಿ ಶನಿವಾರ ಇಬ್ಬರೂ ಹಿಂದೆ ಸಾಮಾನು ಹೇರುವ ಒಂದೇ ಯೂಟ್ ಗಾಡಿಯಲ್ಲಿ ಕಾಡಿಗೆ ಹೋಗಿ, ಮಣ್ಣಿನೊಳಗಿನ ಲೋಹ ಹುಡುಕುವ ಡಿಟೆಕ್ಟರ್ ಬೀಸುತ್ತ ನೆಲದ ಮೇಲೆ ನಡೆದವರು. ಊರಿನವರು ಮೊದಮೊದಲು ಏನೇನೋ ಗುಸುಗುಸು ಮಾಡಿದರು. ಆಮೇಲೆ ಅವರಿಗೇ ಬೇಜಾರಾಗಿ ಬಿಟ್ಟುಬಿಟ್ಟರು.

ಅವರಿಬ್ಬರ ನಡುವಿನ ಕರಾರು ಎರಡೇ ಮಾತಿನದು. ಯಾರಿಗೇ ಸಿಗಲಿ, ಸಿಕ್ಕಿದ್ದರಲ್ಲಿ ಇಬ್ಬರಿಗೂ ಅರ್ಧರ್ಧ. ನೆಲ ಏನು ಹೇಳಿತು ಅನ್ನುವುದರಲ್ಲಿ ಒಬ್ಬರಿಗೊಬ್ಬರು ಸುಳ್ಳು ಹೇಳಬಾರದು. ಊರಿಗೆ ಬೇಕಾದಷ್ಟು ಹೇಳಬಹುದು, ಅದು ತಪ್ಪಲ್ಲ. ಒಳ್ಳೆಯ ಜಾಗ ಎಲ್ಲಿದೆ ಎಂದು ಆ ಸೀಮೆಯಲ್ಲಿ ಸ್ವಂತ ಅಣ್ಣನಿಗೂ ಯಾರೂ ಹೇಳುವುದಿಲ್ಲ. ಆದರೆ ಜೊತೆಗಾರರ ನಡುವೆ ಸುಳ್ಳು ಬಂತೋ, ಅಲ್ಲಿಗೆ ಮುಗಿಯಿತು.

ಸುಳ್ಳನ್ನು ಮೊದಲು ತಂದವಳು ವಿಲ್ಮಾನೇ.

ಏನಾಗಿತ್ತು ಅಂದರೆ, ದೊಡ್ಡ ಕಬ್ಬಿಣದ ತುಂಡು ಸಿಕ್ಕರೆ ಯಂತ್ರ ಹೆಡ್‌ಫೋನಿನಲ್ಲಿ ಅರಚಿಕೊಳ್ಳುತ್ತದೆ, ಕಿವುಡನಿಗೂ ಕೇಳುತ್ತದೆ. ಸಣ್ಣ ಚಿನ್ನ ಹಾಗಲ್ಲ. ಸದಾ ಗುಂಯ್‌ಗುಡುವ ಆ ಸದ್ದು ಎಲ್ಲೋ ಒಂದು ಕಡೆ ಒಂದಿಷ್ಟು ನಡುಗುತ್ತದೆ, ಅಷ್ಟೆ. ಎರಡು ವರ್ಷದಿಂದ ಆ ನಡುಕ ಅವಳಿಗೆ ಕೇಳಿಸುತ್ತಿರಲಿಲ್ಲ. ಡಾಕ್ಟರು ಕೊಟ್ಟ ಕಿವಿಯ ಮಿಷನ್ನು ಹಾಕಿಕೊಂಡರೆ ಅದು ಹೆಡ್‌ಫೋನಿನ ಒಳಗೆ ಕುಕ್ಕರಿನ ಹಾಗೆ ಸಿಳ್ಳೆ ಹೊಡೆಯುತ್ತಿತ್ತು. ಅದನ್ನು ಕಿತ್ತು ಚಮಚ ಇಡುವ ಡ್ರಾಯರಿಗೆ ಎಸೆದಳು. ಆಮೇಲೆ ಬರೀ ನಟನೆ. ಬೀಸುತ್ತ ಬೀಸುತ್ತ ಸುಮ್ಮನೆ ಒಂದು ಕಡೆ ನಿಲ್ಲುವುದು, ಮೊಣಕಾಲೂರಿ ಅಗೆಯುವುದು, ಮನೆಯಿಂದ ಜೇಬಿನಲ್ಲಿ ತಂದ ತುಕ್ಕು ಮೊಳೆಯನ್ನು ಎತ್ತಿ ತೋರಿಸುವುದು. "ಮತ್ತೆ ಮೊಳೆ ಕಣೋ, ರೆಕ್ಸ್! ಹಾಳಾದ್ದು!" ಎಂದು ಕೂಗಿ ಗುಂಡಿ ಮುಚ್ಚುವುದು. ಆ ವಯಸ್ಸಿನಲ್ಲಿ, ಆ ಮೊಣಕಾಲಿನಲ್ಲಿ, ಏನೂ ಇಲ್ಲದ ಕಡೆ ದಿನಕ್ಕೆ ಇಪ್ಪತ್ತು ಗುಂಡಿ!

ಯಾಕೆ ಬೇಕಿತ್ತು ಇಷ್ಟೆಲ್ಲ? ನಿಜ ಹೇಳಿದರೆ ರೆಕ್ಸ್ ತನ್ನನ್ನು ಬಿಟ್ಟುಬಿಡುತ್ತಾನೆ ಎಂಬ ಹೆದರಿಕೆ ಅವಳಿಗಿರಲಿಲ್ಲ. ಬಿಡುವುದಿಲ್ಲ ಎಂಬುದೇ ಅವಳ ಹೆದರಿಕೆ. ಕೆಲಸಕ್ಕೆ ಬಾರದ ಮುದುಕಿಯನ್ನು ಪಾಪ ಎಂದು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾನೆ, ಅವನೊಬ್ಬನೇ ಕಷ್ಟಪಟ್ಟು ತೆಗೆದದ್ದರಲ್ಲಿ ಅರ್ಧ ಕೊಡುತ್ತಾನೆ, ತಾನು ಕೈಯೊಡ್ಡಿ ತೆಗೆದುಕೊಳ್ಳಬೇಕು. ಅದಕ್ಕಿಂತ ಮನೆಯಲ್ಲಿ ಕೂತು ಗೋಡೆ ನೋಡುವುದು ವಾಸಿ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು.

ಜೂನ್ ತಿಂಗಳ ಒಂದು ಶನಿವಾರ ಇಬ್ಬರೂ ಉಪವಾಸದ ಕಣಿವೆಗೆ ಹೋದರು. ನೂರೆಪ್ಪತ್ತು ವರ್ಷದ ಹಿಂದೆ ಅಗೆದವರು ಹಸಿವಿನ ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ಹಿಂದಿನ ವಾರ ಮಳೆ ಬಿದ್ದು ಕೆಂಪು ಜೇಡಿ ಮೆತ್ತಗಾಗಿತ್ತು. ಆ ಸೀಮೆಯಲ್ಲಿ ಜೂನ್ ಅಂದರೆ ಚಳಿಗಾಲ; ಚಳಿ ಮೂಗು ಕೊರೆಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ರೆಕ್ಸ್ ಬಂದು ಅವಳ ತೋಳು ಮುಟ್ಟಿದ.

"ಆ ಬೊಡ್ಡೆ ಪಕ್ಕ ನಾನು ನೋಡಿಲ್ಲ ಕಣೇ. ನೀನೇ ಒಂದು ಸಲ ಬೀಸು."

"ಯಾಕೆ, ನಿಂಗೇನು ಕೈಗೆ ಲಕ್ವ ಹೊಡೆದಿದ್ಯಾ?"

"ನಂಗೆ ಟೀ ಕುಡೀಬೇಕು."

ಅವಳು ಗೊಣಗುತ್ತ ಹೋದಳು. ಐರನ್‌ಬಾರ್ಕ್ ಮರದ ಸುಟ್ಟ ಬೊಡ್ಡೆಯ ಪಕ್ಕ ಯಂತ್ರ ಬೀಸಿದಳು. ಕೇಳಿಸಿತು! ಅರಚಾಟವಲ್ಲ, ಕಬ್ಬಿಣವಲ್ಲ, ಎತ್ತರಕ್ಕೆ ಏರಿ ಇಳಿಯುವ ದುಂಡನೆಯ ದನಿ. ಎರಡು ವರ್ಷದ ಮೇಲೆ ಕೇಳಿದ ದನಿ. ಮತ್ತೆ ಬೀಸಿದಳು. ಇದೆ! ಮೊಣಕಾಲಿನ ನೋವು ಎಲ್ಲಿ ಹೋಯಿತೋ, ದಪ್ಪೆಂದು ಕೂತು ಗುದ್ದಲಿ ಹಾಕಿದಳು. ಗೇಣುದ್ದ ಹೋಗುವಷ್ಟರಲ್ಲಿ ಅಂಗೈಗೆ ಬಂತು, ಅವರೆಕಾಳಿನಷ್ಟು ದೊಡ್ಡ ಚಿನ್ನದ ತುಂಡು.

"ರೆಕ್ಸ್! ಲೋ ರೆಕ್ಸ್! ಬಾರೋ ಇಲ್ಲಿ, ಸಿಕ್ತು ಕಣೋ!"

ಅವಳ ಕಣ್ಣಲ್ಲಿ ನೀರು ಬಂದಿತ್ತು. ರೆಕ್ಸ್ ಕಪ್ಪು ಹಿಡಿದುಕೊಂಡೇ ಓಡಿ ಬಂದ. "ಅಯ್ಯಪ್ಪಾ! ಏನು ಅದೃಷ್ಟವಂತೆ ಕಣೇ ನೀನು! ಅಬ್ಬಬ್ಬಾ!" ಎಂದ. ಹತ್ತೊಂಬತ್ತು ವರ್ಷದಲ್ಲಿ ಆ ಮನುಷ್ಯ ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಅವಳು ಅಭ್ಯಾಸಬಲದಿಂದ ತುಂಡಿನ ಮೇಲೆ ಹೆಬ್ಬೆರಳು ಉಜ್ಜಿದಳು. ಮೇಲೆ ಅಂಟಿದ್ದ ಮಣ್ಣು ಒಂದೇ ಸಲಕ್ಕೆ ಉದುರಿತು. ಕೆಳಗೆಲ್ಲ ಫಳಫಳ. ಸಂದುಗೊಂದುಗಳಲ್ಲಿ ಕೂಡ ಒಂದು ಚೂರು ಕೆಂಪು ಇಲ್ಲ. ನೆಲದಲ್ಲಿ ಹುಟ್ಟಿದ ಚಿನ್ನ ಹಾಗೆ ಬರುವುದಿಲ್ಲ. ಜೇಡಿ ಅದರ ಮೈಗೆ ಕಚ್ಚಿಕೊಂಡಿರುತ್ತದೆ, ಸೂಜಿಯಲ್ಲಿ ಕೆದಕಿದರೂ ಬಿಡುವುದಿಲ್ಲ. ಸಿಕ್ಕ ಪ್ರತಿ ತುಂಡನ್ನೂ ಆ್ಯಸಿಡ್ಡಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಹೊಳೆಯಿಸುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ. ಅವನು ಎದುರಿಗೆ ಟೀ ಕಪ್ಪು ಹಿಡಿದು ನಿಂತಿದ್ದ.

ಅವಳು ಗುಂಡಿಯನ್ನು ನೀಟಾಗಿ ಮುಚ್ಚಿ, ಮೇಲೆ ತರಗೆಲೆ ಎಳೆದು, ಎದ್ದು ಗಾಡಿಯ ಹತ್ತಿರ ಹೋಗಿ ಯಂತ್ರವನ್ನು ಹಿಂದೆ ಹಾಕಿದಳು. ರೆಕ್ಸ್ ಹಿಂದೆಯೇ ಬಂದ. ಅವಳು ಆ ತುಂಡನ್ನು ಅವನ ಟೀ ಕಪ್ಪಿನೊಳಕ್ಕೆ ಹಾಕಿದಳು.

"ಭಿಕ್ಷೆ ಹಾಕ್ತೀಯೇನೋ ನಂಗೆ?"

"ವಿಲ್ಮಾ..."

"ಕಣ್ಣಿಗೆ ಮಣ್ಣೆರಚೋಕೂ ಬರಲ್ಲ ನಿಂಗೆ! ಹೂಳೋನು ತೊಳೀದೇ ಇರೋದನ್ನ ತಾನೇ ಹೂಳ್ಬೇಕು, ದಡ್ಡ ಮುಂಡೇದೆ!"

"ತೊಳೀದೇ ಇರೋದು ನಮ್ಮನೇಲಿ ಯಾವುದೂ ಇಲ್ವಲ್ಲೇ," ಎಂದ ರೆಕ್ಸ್, ಪಾಪ, ನಿಜವಾಗಿಯೂ ಪೇಚಾಡುತ್ತ. ಆಮೇಲೆ ಅವನಿಗೂ ಸಿಟ್ಟು ಬಂತು. "ನೀನೇನು ಕಮ್ಮಿಯಾ? ಮೂರು ಶನಿವಾರದಿಂದ ಒಂದೇ ಮೊಳೆ ತೋರಿಸ್ತಿದೀಯ. ತಲೆ ಸೊಟ್ಟಗಿರೋ ಮೊಳೆ. ಬೇಲಿ ಹಾಕಿದೋನು ನಾನು, ಮೊಳೆ ಗುರುತು ಸಿಗಲ್ವಾ ನಂಗೆ?"

ವಿಲ್ಮಾ ಜೇಬಿನಿಂದ ಆ ಮೊಳೆ ತೆಗೆದು ಗಾಡಿಯೊಳಕ್ಕೆ ಎಸೆದಳು. ಮುಖ ಕೆಂಪಗಾಯಿತು. ಕೊನೆಗೆ, "ಕೇಳಿಸಲ್ಲ ಕಣೋ," ಎಂದಳು. "ಸಣ್ಣದು ಯಾವುದೂ ಕೇಳಿಸಲ್ಲ. ಮುಗೀತು. ಇನ್ನು ಮೇಲೆ ನೀನೊಬ್ಬನೇ ಹೋಗು. ಅರ್ಧ ಗಿರ್ಧ ಏನೂ ಬೇಡ."

"ಹೋಗಿದ್ದೆ."

"ಎಲ್ಲಿಗೆ?"

"ಒಬ್ಬನೇ. ಮೂರು ಬುಧವಾರ, ನಿಂಗೆ ಹೇಳ್ದೆ. ನೀನು ಬಿಟ್ಟುಬಿಟ್ರೆ ಏನು ಮಾಡೋದು ಅಂತ ನೋಡೋಣಾಂತ." ಅವನು ಕಪ್ಪಿನೊಳಗೆ ನೋಡುತ್ತ ನಿಂತ. "ಒಂದು ಸಾಸಿವೆಕಾಳಷ್ಟೂ ಸಿಗಲಿಲ್ಲ. ಎಲ್ಲಿ ಬೀಸ್ಬೇಕು ಅಂತಾನೇ ಗೊತ್ತಾಗಲ್ಲ ನಂಗೆ. ನೀನು ನಿಂತ್ಕೊಂಡು ಮೂಗೆತ್ತಿ ನೋಡಿ, 'ಇಲ್ಲಿ' ಅಂತೀಯ, ನಾನು ಬೀಸ್ತೀನಿ. ಹತ್ತೊಂಬತ್ತು ವರ್ಷದಿಂದ ಹಾಗೇ ಅಲ್ವಾ?"

"ಸಮಾಧಾನ ಮಾಡ್ಬೇಡ ನಂಗೆ."

"ಮಾಡ್ತಿಲ್ಲ."

"ಈಗ ತಾನೇ ಚಿನ್ನ ಹೂತಿಟ್ಟು ಸಮಾಧಾನ ಮಾಡ್ದೋನು ನೀನು. ನಿನ್ನ ಮಾತನ್ನ ನಾನು ಹೇಗೋ ನಂಬಲಿ?"

ವಿಲ್ಮಾ ಕಣಿವೆಯ ಕಡೆ ತಿರುಗಿದಳು. ಹಳಬರು ಅಗೆದು ಸುರಿದ ಮಣ್ಣುಗುಡ್ಡೆಗಳು ಮುಗಿಯುವ ಕಡೆ, ಇಳಿಜಾರಿನಲ್ಲಿ ಬಿಳಿಕಲ್ಲೂ ತುಕ್ಕುಬಣ್ಣದ ಕಲ್ಲೂ ಬೆರೆತು ಬಿದ್ದಿದ್ದವು. ಬೆಳಗ್ಗೆ ಬರುವಾಗಲೇ ಅವಳ ಕಣ್ಣು ಅಲ್ಲಿ ನಿಂತಿತ್ತು. ಕೈಚಾಚಿ ತೋರಿಸಿದಳು.

"ಅಲ್ಲಿ. ಆ ಸೊಟ್ಟ ಮರದಿಂದ ಕಂದಕದವರೆಗೆ. ಹೋಗು."

ರೆಕ್ಸ್ ಕಪ್ಪಿನೊಳಗಿನ ತುಂಡನ್ನು ಬೆರಳಿನಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಹೋದ. ಅವಳು ಗಾಡಿಯ ಹಿಂಬದಿಯ ಹಲಗೆಯ ಮೇಲೆ ಕೂತಳು. ಅವನು ಬೀಸಿದ. ನಿಂತ. ಬಗ್ಗಿದ. ಅಗೆದ. ಮುಚ್ಚಿದ. ಅವನು ಬಗ್ಗಿದಾಗಲೆಲ್ಲ ಅವಳು ಕತ್ತು ಚಾಚಿ ಅವನ ಕೈ ನೋಡುತ್ತಿದ್ದಳು. ಅವನ ಜೇಬಿನಲ್ಲಿ ಆ ತುಂಡು ಇದೆ. ಜೇಡಿಯಲ್ಲಿ ಉಗುಳು ಹಾಕಿ ಕಲಸಿ ಚೆನ್ನಾಗಿ ಮೆತ್ತಿದರೆ ಈ ಸಲ ತನಗೂ ಗೊತ್ತಾಗಲಿಕ್ಕಿಲ್ಲ. ನೋಡು, ನೀನು ತೋರಿಸಿದ ಜಾಗದಲ್ಲೇ ಸಿಕ್ಕಿತು ಎಂದು ನಗುತ್ತ ಬಂದರೆ ಮುಗಿಯಿತು, ಇನ್ನು ಯಾವತ್ತೂ ಇವನ ಗಾಡಿ ಹತ್ತುವುದಿಲ್ಲ. ದೇವರೇ, ಆ ಬುದ್ಧಿ ಇವನಿಗೆ ಬಾರದಿರಲಿ ಎಂದುಕೊಂಡಳು. ಚಿನ್ನ ಸಿಗದಿರಲಿ ಎಂದು ಅವಳು ಬೇಡಿಕೊಂಡದ್ದು ಅದೇ ಮೊದಲು.

ಎರಡು ಗಂಟೆಯಾದ ಮೇಲೆ ರೆಕ್ಸ್ ಬಂದ. ಮೊಣಕಾಲಿನವರೆಗೆ ಕೆಸರು. ಅವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಅವನು ಅಂಗೈ ಬಿಚ್ಚಿದ. ಎರಡು ಸೀಸದ ಗುಂಡು, ಅಂಗಿಯ ಒಂದು ಹಿತ್ತಾಳೆ ಗುಂಡಿ, ಮೊಳೆಗಳು.

"ಏನೂ ಇಲ್ಲ!" ಎಂದು ಕೂಗಿದ, ಆ ಕಡೆಯ ಮರದ ಗಿಳಿಗಳೆಲ್ಲ ಎದ್ದು ಹಾರುವಷ್ಟು ಗಟ್ಟಿಯಾಗಿ. "ಕೇಳಿಸ್ತಾ? ಒಂದು ಚೂರೂ ಇಲ್ಲ! ಸೊಂಟ ಬಿದ್ದೋಯ್ತು ನಂದು! ಸುಡುಗಾಡು ಜಾಗ ತೋರಿಸಿದೀಯ ಕಣೇ!"

ವಿಲ್ಮಾ ಅವನನ್ನೇ ನೋಡಿದಳು. ನಗುವೋ ಅಳುವೋ, ಎರಡೂ ಒಟ್ಟಿಗೇ ಬಂತು. ತೋಳಿನಿಂದ ಮೂಗು ಒರೆಸಿಕೊಂಡು, ಪಕ್ಕಕ್ಕೆ ಸರಿದು, ಅವನಿಗೆ ಕೂರಲು ಜಾಗ ಮಾಡಿದಳು.

"ಕೂಗ್ಬೇಡ್ವೋ, ನಾನೇನು ಕಿವುಡಿನಾ?" ಎಂದಳು. "ಪೇಸ್ಟಿ ತಿನ್ನು. ಆಮೇಲೆ ಕಂದಕದ ಆಚೆ ಬೀಸುವೆಯಂತೆ."